ಬರುವ ಮುಖದ ಗುರುತು

ಬಾಗಿಲ ಪಕ್ಕದ ಹಲಗೆಯ ಮೇಲೆ ಅಪ್ಪನ ಬೂಟುಗಳು ಇರಲಿಲ್ಲ. ಅವು ಇದ್ದ ಜಾಗದಲ್ಲಿ ಒಣಗಿದ ಮಣ್ಣಿನ ಅಚ್ಚು ಮಾತ್ರ ಉಳಿದಿತ್ತು. ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಹೊತ್ತಿಳಿದ ಮೇಲೆ ಬಂದ ಚುಕ್ಕಿ ಚೀಲವನ್ನು ಕೆಳಗಿಡುವುದನ್ನೂ ಮರೆತು ಆ ಅಚ್ಚನ್ನೇ ನೋಡುತ್ತ ನಿಂತಳು. ಕೊಡೆ ಇತ್ತು, ಟೋಪಿ ಇತ್ತು, ಸಂಜೆ ಬೀದಿಯ ಕೊನೆಯವರೆಗೆ ಹೋಗಿ ಬರುವಾಗ ಮೆಟ್ಟುವ ಚಪ್ಪಲಿಯೂ ಇತ್ತು. ಅಪ್ಪ ಬೂಟು ಹಾಕಿದರು ಅಂದರೆ ಗುಡ್ಡಕ್ಕೆ ಹೊರಟರು ಎಂದೇ ಅರ್ಥ. ಬೇರೆ ಯಾವುದಕ್ಕೂ ಅವರು ಬೂಟು ಮುಟ್ಟುವವರಲ್ಲ.

ಒಳಗೆ ಅಕ್ಕ ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದು, ಡಬ್ಬಿಗಳನ್ನು ಮೇಜಿನ ತುಂಬ ಹರವಿಕೊಂಡು, ಒಂದೊಂದನ್ನೇ ಮೂಸಿ ನೋಡುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಬಂದಿಳಿದವಳು ಅವಳು. ಬಂದ ಮನೆಯನ್ನೆಲ್ಲ ಒಮ್ಮೆ ಕೆಡವಿ ಜೋಡಿಸದಿದ್ದರೆ ಅವಳಿಗೆ ಬಂದಂತೆಯೇ ಆಗುವುದಿಲ್ಲ.

"ಅಪ್ಪ ಎಲ್ಲಿ?"

"ಗುಡ್ಡಕ್ಕೆ ಹೋಗಿದಾರೆ. ಕ್ವಾರಿ ಕಡೆಯಿಂದ ಹತ್ತುತ್ತೀನಿ ಅಂದ್ರು," ಎಂದಳು ಅಕ್ಕ, ತಲೆ ಎತ್ತದೆ. "ನಾನೇ ಹೂಂ ಅಂದೆ. ನೀನು ಮುಖ ಹಾಗೆ ಮಾಡ್ಕೋಬೇಡ. ಅವರ ಹಟ ನಿನಗೆ ಗೊತ್ತಿಲ್ದೆ ಇರೋದಾ?"

ಆದದ್ದು ಇಷ್ಟು. ಊಟ ಮುಗಿದು ಚುಕ್ಕಿ ಅಂಗಡಿಗೆ ಹೊರಟ ಮೇಲೆ, ಅಕ್ಕ ತಾನು ಬಂದ ವಿಷಯವನ್ನು ಅಪ್ಪನ ಮುಂದೆ ತೆಗೆದಿದ್ದಳು. ದೊಡ್ಡ ಊರಿನ ತನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಲಿಫ್ಟ್ ಇದೆ, ಅದೇ ಕಟ್ಟಡದಲ್ಲಿ ಡಾಕ್ಟರಿದ್ದಾರೆ. ಇಲ್ಲಿ ನೋಡಿದರೆ ಒಲೆ ಹೊತ್ತಿಸಿ ಮರೆತುಬಿಡುವ, ಕನ್ನಡಕವನ್ನು ಸಕ್ಕರೆ ಡಬ್ಬಿಯಲ್ಲಿಟ್ಟು ದಿನವಿಡೀ ಹುಡುಕುವ ಮನುಷ್ಯನನ್ನು ಒಬ್ಬರೇ ಬಿಟ್ಟು ಚುಕ್ಕಿ ಹಗಲೆಲ್ಲ ಗುಡ್ಡ ಸುತ್ತುತ್ತಾಳೆ. ಇದು ಎಷ್ಟು ದಿನ ನಡೆದೀತು? ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ತಮ್ಮ ಲೋಟವನ್ನು ತಾವೇ ತೊಳೆದು ಬೋರಲು ಹಾಕಿ, ಒಂದು ಪಂದ್ಯ ಕಟ್ಟಿದರಂತೆ. ಗುಡ್ಡದ ಸುತ್ತುದಾರಿಯನ್ನು ಉಲ್ಟಾ ನಡೆಯುತ್ತೇನೆ, ಒಬ್ಬನೇ. ಕತ್ತಲಾಗುವುದರೊಳಗೆ ಮನೆ ಸೇರಿದರೆ ನೀನು ಈ ಮಾತನ್ನು ಮತ್ತೆ ಎತ್ತಕೂಡದು. ಸೇರಲಿಲ್ಲವೋ, ನಾಳೆ ಬೆಳಗಿನ ಬಸ್ಸಿಗೆ ನಿನ್ನ ಹಿಂದೆ ಹೊರಡುತ್ತೇನೆ.

"ಚುಕ್ಕಿ ಕಲ್ಲಿಗೆಲ್ಲ ಹೊಸ ಗುರುತು ಹಚ್ಚಿದಾಳೆ, ಇನ್ನು ಎಳೆಮಗು ಕೂಡ ಹೋಗಿ ಬರಬಹುದು ಅಂದ್ರು," ಎಂದಳು ಅಕ್ಕ. "ನೀನೇ ಹೇಳಿದ್ಯಲ್ಲ ಊಟಕ್ಕೆ ಕೂತಾಗ, ಎರಡೂ ಮುಖ ಆಯ್ತು ಅಂತ."

ಚುಕ್ಕಿಯ ಕೈಯಿಂದ ಚೀಲ ಜಾರಿತು. ಅದರೊಳಗಿನ ಬಾಟಲಿ ಒಡೆಯಲಿಲ್ಲ, ಉರುಳಿ ಹೋಗಿ ಮೇಜಿನ ಕಾಲಿಗೆ ತಾಗಿ ನಿಂತಿತು.

ಆ ಊರಿನ ಸುತ್ತ ನಡೆಯುವವರಿಗೆಂದೇ ಕೆಲವು ದಾರಿಗಳಿವೆ. ಕೆರೆಯ ಅಂಚಿನದು ಮಕ್ಕಳು ಮರಿಗೆ, ಕಾಡಿನ ಒಳಗಿನದು ಹಕ್ಕಿ ನೋಡುವವರಿಗೆ. ಎಲ್ಲಕ್ಕಿಂತ ಚೆಂದದ್ದು ಗುಡ್ಡದ ಸುತ್ತು. ಹಳೆಯ ಗಿರಣಿಯ ಹಿಂದಿನಿಂದ ಹತ್ತಿ, ನೆತ್ತಿಯ ಮೇಲೆ ಕೂತು ಗಾಳಿ ಕುಡಿದು, ಊರನ್ನೆಲ್ಲ ಅಂಗೈ ಮೇಲಿಟ್ಟುಕೊಂಡಂತೆ ನೋಡಿ, ಆಚೆ ಬದಿಯ ಹಳೆಯ ಕಲ್ಲುಕ್ವಾರಿ ಕಡೆಗೆ ಇಳಿಯುವ ದಾರಿ. ರಜೆಯ ದಿನ ಹೊರಗಿನವರು ಬೆನ್ನಿಗೊಂದು ಚೀಲ, ಕೈಗೊಂದು ಕೋಲು ಹಿಡಿದು ಬರುತ್ತಾರೆ. ಅವರಲ್ಲಿ ಯಾರೂ ದಾರಿ ಕೇಳುವುದಿಲ್ಲ, ಕಲ್ಲು ನೋಡಿಕೊಂಡು ಹೋಗುತ್ತಾರೆ. ಆ ಕಲ್ಲುಗಳ ಮೇಲಿನ ಗುರುತು ಹಚ್ಚುವುದು ಅಪ್ಪನ ಜೀವಮಾನದ ಕೆಲಸವಾಗಿತ್ತು. ಬಣ್ಣದ ಡಬ್ಬ ಹಿಡಿದು ಅವರ ಹಿಂದೆ ಓಡಾಡಿ, ಮೂಗಿನ ತುದಿಗೆ ಬಣ್ಣ ಮಾಡಿಕೊಂಡು ಮನೆಗೆ ಬರುತ್ತಿದ್ದ ಕಿರಿಮಗಳಿಗೆ ಊರು ಚುಕ್ಕಿ ಎಂದು ಹೆಸರಿಟ್ಟಿತು. ಈಗ ಅವಳ ತಲೆಯಲ್ಲಿ ಬಿಳಿಕೂದಲು ಬಂದಿದೆ, ಕೆಲಸ ಅವಳ ಕೈಗೆ ಬಂದಿದೆ, ಹೆಸರು ಹಾಗೇ ಇದೆ.

ಒಂದು ಕಲ್ಲಿಗೆ ಎರಡು ಮುಖ ಎಂದು ಅಪ್ಪ ಕಲಿಸಿದ್ದರು. ಹೋಗುವವನಿಗೆ ಕಾಣುವುದು ಹೋಗುವ ಮುಖ. ಅದೇ ದಾರಿಯಲ್ಲಿ ಎದುರಿನಿಂದ ಬರುವವನಿಗೆ ಕಾಣುವುದು ಬರುವ ಮುಖ. ಎರಡಕ್ಕೂ ಗುರುತು ಬೇಕು. ಒಂದೇ ಮುಖಕ್ಕೆ ಹಚ್ಚಿ ಬಿಟ್ಟ ದಾರಿ ಅರ್ಧ ಸೇತುವೆ ಕಟ್ಟಿ ಬಿಟ್ಟ ಹಾಗೆ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಅವರು ದಾರಿಯನ್ನು ಉಲ್ಟಾ ನಡೆದು ಪರೀಕ್ಷೆ ಮಾಡುತ್ತಿದ್ದರು. ದಿನಾ ನಡೆದ ದಾರಿಯಲ್ಲಿ ಹೊಸಬನ ಕಣ್ಣು ಬರಬೇಕಾದರೆ ಅದೊಂದೇ ಉಪಾಯ.

ಈ ಸಲ ದಾರಿಗಳನ್ನು ನೋಡಿಕೊಳ್ಳುವ ಕಚೇರಿಯವರು ಗುಡ್ಡದ ಹಳದಿ ಗುರುತನ್ನು ನೀಲಿ ಮಾಡಿ ಎಂದಿದ್ದರು. ಕಲ್ಲಿನ ಮೇಲೆ ತಾನಾಗಿ ಬೆಳೆಯುವ ಹಳದಿ ಪಾಚಿಯನ್ನು ಗುರುತು ಅಂದುಕೊಂಡು ಜನ ದಾರಿ ತಪ್ಪುತ್ತಿದ್ದರು. ಚುಕ್ಕಿ ಮೊದಲು ತಂತಿ ಬ್ರಷ್ಷಿನಿಂದ ಎಲ್ಲ ಕಲ್ಲುಗಳ ಎರಡೂ ಮುಖವನ್ನು ಕೆರೆದು ತೆಗೆದಳು. ಕೆರೆಯುತ್ತ ಹಚ್ಚುತ್ತ ಹೋದರೆ ಧೂಳು ಹಾರಿ ಹಸಿ ಬಣ್ಣಕ್ಕೆ ಅಂಟುತ್ತದೆ, ಅದಕ್ಕೆ ಆ ಕ್ರಮ. ಆಮೇಲೆ ನೀಲಿ ಹಚ್ಚಲು ಶುರು ಮಾಡಿ ಹೋಗುವ ಮುಖವನ್ನು ಮುಗಿಸಿದ್ದಳು. ಬರುವ ಮುಖಕ್ಕೆ ಕೈ ಹಚ್ಚಬೇಕು ಅನ್ನುವಷ್ಟರಲ್ಲಿ ಅಕ್ಕನ ಬಸ್ಸಿನ ಹೊತ್ತಾಯಿತು. ಡಬ್ಬವನ್ನೂ ಬ್ರಷ್ಷನ್ನೂ ಗುಡ್ಡದ ಮೇಲೆ ದಾರಿ ಒಡೆಯುವ ಕವಲಿನ ಹತ್ತಿರದ ಬಂಡೆಯ ಸಂದಿಗೆ ತಳ್ಳಿ ಇಳಿದು ಬಂದಳು.

ಊಟಕ್ಕೆ ಕೂತಾಗ ಅಕ್ಕ ಸುಮ್ಮನಿರಲಿಲ್ಲ. ಕಲ್ಲಿಗೆ ಬಣ್ಣ ಬಳಿಯುವುದಕ್ಕೆ ಇಷ್ಟು ದಿನ ಬೇಕೇ, ನಾನು ಇಷ್ಟರಲ್ಲಿ ಮನೆಗೇ ಸುಣ್ಣ ಬಣ್ಣ ಮಾಡಿಸುತ್ತಿದ್ದೆ ಎಂದು ಕುಟುಕಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಿ, "ಬರೋ ಮುಖ?" ಎಂದು ಕೇಳಿದರು. ಚುಕ್ಕಿಗೆ ಅಕ್ಕನ ಮುಂದೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಆಯ್ತಪ್ಪ, ಎರಡೂ ಆಯ್ತು," ಎಂದಳು. ನಾಳೆ ಬೆಳಕು ಹರಿಯುವ ಹೊತ್ತಿಗೆ ಹೋಗಿ ಮುಗಿಸಿಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಕೆಲಸದ ದಿನ ಗುಡ್ಡಕ್ಕೆ ಬರುವವರು ಯಾರು? ಅದರಲ್ಲೂ ಉಲ್ಟಾ ನಡೆಯುವವರು ಯಾರು? ಅಪ್ಪ ಗುಡ್ಡ ಹತ್ತುವುದನ್ನು ಬಿಟ್ಟು ವರ್ಷದ ಮೇಲಾಗಿತ್ತು.

ಅಕ್ಕ ಅಪ್ಪನ ನಂಬರು ಒತ್ತಿದಳು. ಫೋನು ಬ್ರೆಡ್ಡಿನ ಡಬ್ಬಿಯೊಳಗೆ ಗುಂಯ್‌ಗುಟ್ಟಿತು. ಇಬ್ಬರೂ ಆ ಡಬ್ಬಿಯನ್ನು ನೋಡಿದರು.

"ನೋಡಿದ್ಯಾ?" ಎಂದಳು ಅಕ್ಕ. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

ಕ್ವಾರಿ ರಸ್ತೆಯಲ್ಲಿ ಚುಕ್ಕಿ ಓಡಿದಂತೆಯೇ ನಡೆದಳು. ಚಳಿಗಾಲದ ಬಿಸಿಲು ಆಗಲೇ ಮನೆಗಳ ಮಾಡಿನಿಂದ ಜಾರಿ ಹೋಗಿತ್ತು. ಹಿಂದಿನಿಂದ ಅಕ್ಕ, ಇಸ್ತ್ರಿ ಮಾಡಿದ ಬಟ್ಟೆ, ಹಿಮ್ಮಡಿ ಎತ್ತರದ ಚಪ್ಪಲಿ, ಬಿಳಿ ಶಾಲು, ಏದುಸಿರು ಎಲ್ಲ ಹೊತ್ತುಕೊಂಡು ಬರುತ್ತಿದ್ದಳು. ನೀನು ಬರಬೇಡ ಎಂದರೆ ಕೇಳಲಿಲ್ಲ. ಪಂದ್ಯಕ್ಕೆ ಒಪ್ಪಿದವಳು ನಾನು, ಮನೆಯಲ್ಲಿ ಕೂತು ಡಬ್ಬಿ ಒರೆಸಲೇ ಎಂದಳು.

ದಾರಿ ಶುರುವಾಗುವಲ್ಲಿ ಚಹಾದಂಗಡಿಯವನು ಬಾಗಿಲು ಮುಚ್ಚುತ್ತಿದ್ದ. ಅಪ್ಪನನ್ನು ಕಂಡಿದ್ದೆ ಎಂದ. ಒಂದು ಚಹಾ ಕುಡಿದು, ನಿನ್ನ ಚಹಾ ಮೊದಲಿನಷ್ಟೇ ಕೆಟ್ಟದಾಗಿದೆ, ಸದ್ಯ ನನ್ನ ನಾಲಿಗೆ ಇನ್ನೂ ನೆಟ್ಟಗಿದೆ ಅಂತಾಯಿತು ಎಂದು ನಗಾಡಿ ಹತ್ತಿದರಂತೆ. ಯಾವ ಹೊತ್ತಿಗೆ ಎಂದರೆ ಅವನು ಆಕಾಶ ನೋಡಿ ತಲೆ ಕೆರೆದುಕೊಂಡ.

"ಇಷ್ಟರಲ್ಲಿ ಆಚೆ ಕಡೆ ಇಳಿದಿರ್ಬೇಕಲ್ಲ ಚುಕ್ಕಿ. ಅವರೇ ಗುರುತು ಬರೆದ ಗುಡ್ಡ ಅದು. ಅವರಿಗೇನು ಭಯ?"

ಗುಡ್ಡದ ಮೆಟ್ಟಿಲು ಮುಗಿದು ಕುರುಚಲು ಗಿಡ ಶುರುವಾದಾಗ ಚುಕ್ಕಿ ತಲೆ ಎತ್ತಿ ನೋಡಿದಳು. ಅವಳು ಯಾವಾಗಲೂ ಗಿರಣಿ ಕಡೆಯಿಂದ ಹತ್ತುವವಳು. ಇಲ್ಲಿಂದ ನೋಡಿದರೆ ಇದು ಅವಳ ಗುಡ್ಡವೇ ಅಲ್ಲ, ಯಾರದೋ ಬೆನ್ನು. ಪರಿಚಯದ ಕಲ್ಲುಗಳೆಲ್ಲ ಅತ್ತ ಮುಖ ಮಾಡಿ ಕೂತಿದ್ದವು. ಅವಳೇ ತಿಕ್ಕಿ ತಿಕ್ಕಿ ಬೋಳು ಮಾಡಿದ ಮೈಗಳು ಬೂದು ಬೆಳಕಿನಲ್ಲಿ ಬೂದಿಯಂತೆ ಕಂಡವು. ಇಷ್ಟು ಚೊಕ್ಕವಾಗಿ ಕೆರೆದೆನಲ್ಲ, ಒಂದಿಷ್ಟಾದರೂ ಹಳದಿ ಉಳಿಯಬಾರದಿತ್ತೇ ಎಂದು ಅವಳು ತನ್ನ ಕೈಯನ್ನೇ ಶಪಿಸಿಕೊಂಡಳು.

"ಲೇ, ನಿಲ್ಲು." ಅಕ್ಕ ಒಂದು ಕಲ್ಲಿಗೆ ಕೈ ಊರಿ ನಿಂತಿದ್ದಳು. ಏದುಸಿರು ಹದಕ್ಕೆ ಬರುವವರೆಗೆ ಕಾದು, ಫೋನಿನ ಬೆಳಕನ್ನು ಆ ಕಲ್ಲಿನ ಮೇಲೆ ಹಾಯಿಸಿದಳು. ಆಮೇಲೆ ಮುಂದಿನ ಕಲ್ಲಿನ ಮೇಲೆ. ಆಮೇಲೆ ಬೆಳಕು ತಂಗಿಯ ಮುಖದ ಮೇಲೆ ಬಂತು. "ಗುರುತೆಲ್ಲಿ?"

ಚುಕ್ಕಿ ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದಳು.

"ಎರಡೂ ಆಯ್ತು ಅಂದ್ಯಲ್ಲೇ."

"ಬೆಳಕು ತೆಗಿ, ಕಣ್ಣಿಗೆ ಹೊಡೀತಿದೆ."

ಅಕ್ಕ ಬೆಳಕನ್ನು ಕೆಳಗಿಳಿಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯದೆ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ತಂಗಿಯನ್ನು ದಾಟಿ ಮುಂದೆ ನಡೆದಳು.

ಮೇಲೆ ಕವಲಿದೆ. ಕ್ವಾರಿ ಕಡೆಯಿಂದ ಬರುವವರಿಗೆ ಎಡಕ್ಕೆ ಅಗಲವಾದ, ಸಮತಟ್ಟಾದ ಹಾದಿ ಕಾಣುತ್ತದೆ. ಹಿಂದೆ ಕಲ್ಲಿನ ಗಾಡಿ ಓಡಾಡಿದ ಹಾದಿ ಅದು. ಕಾಲು ತಾನಾಗಿ ಅತ್ತಲೇ ಎಳೆಯುತ್ತದೆ. ಅದು ಒಂದು ತಿರುವು ದಾಟಿ ನೇರ ಹಳೆಯ ಕ್ವಾರಿಯ ಅಂಚಿಗೆ ಹೋಗಿ ನಿಲ್ಲುತ್ತದೆ. ಕೆಳಗೆ ಹಸಿರು ನೀರು. ಬೇಲಿ ಮುರಿದು ಬಿದ್ದದ್ದನ್ನು ಕಚೇರಿಗೆ ಹೇಳಿ ಹೇಳಿ ಚುಕ್ಕಿಗೆ ಸಾಕಾಗಿತ್ತು. ಸರಿಯಾದ ದಾರಿ ಬಲಕ್ಕೆ, ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ. ಗುರುತಿಲ್ಲದಿದ್ದರೆ ಅದನ್ನು ದಾರಿ ಎಂದು ಯಾರೂ ಹೇಳಲಾರರು.

ಹಳೆಯ ಗಾಡಿಹಾದಿಯ ಬಾಯಲ್ಲಿ ಮಣ್ಣು ಮೆತ್ತಗಿತ್ತು. ಅಕ್ಕ ಬೆಳಕು ಹಿಡಿದಳು. ಬೂಟಿನ ಹೆಜ್ಜೆಗಳು ಒಳಗೆ ಹೋಗಿದ್ದವು.

ಚುಕ್ಕಿ ಹಾದಿಯೊಳಗೆ ನುಗ್ಗಿದಳು. "ಅಪ್ಪ" ಎಂದು ಕೂಗಲು ಹೋಗಿ, ಅಂಚಿನಲ್ಲಿದ್ದವರು ಬೆಚ್ಚಿ ಬಿದ್ದಾರು ಎಂದು ತಡೆದುಕೊಂಡಳು. ಅಕ್ಕ ಅವಳ ತೋಳನ್ನು ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ, ಉಗುರು ನಾಟುವಂತೆ. ಇಬ್ಬರೂ ಮಾತಿಲ್ಲದೆ ಆ ಹೆಜ್ಜೆಗಳ ಪಕ್ಕದಲ್ಲಿ, ಅವುಗಳನ್ನು ತುಳಿಯದಂತೆ ನಡೆದರು. ತಿರುವಿನ ಹತ್ತಿರ ಹೆಜ್ಜೆಗಳು ನಿಂತಿದ್ದವು. ಅಲ್ಲಿ ಸ್ವಲ್ಪ ಹೊತ್ತು ತಡಕಾಡಿ, ಒಂದರ ಮೇಲೊಂದು ಬಿದ್ದು, ಆಮೇಲೆ ಹಾದಿಯ ಅಂಚಿನ ಹುಲ್ಲಿನ ಮೇಲೆ ಹಿಂದಕ್ಕೆ ತಿರುಗಿದ್ದವು.

ಜಾಡು ಹಿಡಿದು ಇಬ್ಬರೂ ಕವಲಿಗೆ ಮರಳಿದರೆ ಅಪ್ಪ ಅಲ್ಲೇ ಇದ್ದರು. ಹೋಗುವಾಗ ಇವರಿಬ್ಬರೂ ನೆಲದ ಹೆಜ್ಜೆಗಳನ್ನೇ ನೋಡುತ್ತ ಅವರ ಪಕ್ಕದಲ್ಲೇ ದಾಟಿ ಹೋಗಿದ್ದರು. ಕವಲಿನ ಕಲ್ಲಿಗೆ ಒರಗಿ, ಮೊಣಕಾಲು ಮಡಚಿ, ಕೋಟಿನ ಕಾಲರು ಮೇಲೆತ್ತಿಕೊಂಡು ಅಪ್ಪ ಕತ್ತಲ ಕಡೆಯ ನೆರಳಿನಲ್ಲಿ ಕೂತಿದ್ದರು. ಮಕ್ಕಳನ್ನು ನೋಡಿ ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಮಾತಾಡ್ಬಾರ್ದಾ ಅಪ್ಪ?" ಎಂದಳು ಅಕ್ಕ. ಅವಳ ದನಿ ಒಡೆದಿತ್ತು. "ಪಕ್ಕದಲ್ಲೇ ಹೋದ್ವಲ್ಲ."

"ಯಾರೋ ನಡೆಯೋಕೆ ಬಂದವರು ಅಂದ್ಕೊಂಡೆ. ದಾರಿ ಕೇಳಿಬಿಟ್ಟರೆ ಏನು ಹೇಳಲಿ ಅಂತ ಸುಮ್ಮನಿದ್ದೆ."

ಚುಕ್ಕಿ ಅವರ ಮುಂದೆ ಕುಕ್ಕರಿಸಿದಳು. ಅವರ ಕೈ ಹಿಡಿದರೆ ಮಂಜಿನಷ್ಟು ತಣ್ಣಗಿತ್ತು. ಬೆರಳ ತುದಿಗಳು ಕಲ್ಲಿನ ಪುಡಿಯಿಂದ ಬೂದುಬಣ್ಣವಾಗಿದ್ದವು. ಅಪ್ಪ ತಮ್ಮ ತಲೆಯ ಹಿಂದಿನ ಕಲ್ಲನ್ನು ಇನ್ನೊಂದು ಕೈಯಿಂದ ಸವರಿದರು.

"ಕೆಳಗಿನಿಂದ ಒಂದೂ ಕಾಣಲಿಲ್ಲ ಮಗಳೇ. ಮೊದಲು ಕಣ್ಣು ಅಂದ್ಕೊಂಡೆ. ಕೈಯಲ್ಲಿ ಮುಟ್ಟಿ ನೋಡಿದೆ. ಬಣ್ಣ ಇದ್ದ ಕಡೆ ನುಣ್ಣಗಿರ್ಬೇಕು, ಇಲ್ಲಿ ನನ್ನ ಕೈಗೆ ಒರಟು ಕಲ್ಲೇ ಸಿಗ್ತಿದೆ. ನೀನು ಆಯ್ತು ಅಂದಿದ್ದೀಯ. ಅಂದ ಮೇಲೆ ಗುರುತು ಇಲ್ಲಿ ಇದ್ದೇ ಇರ್ಬೇಕು. ಕೈಗೂ ತಿಳಿಯೋದು ಹೋಯ್ತು ಅಂತ ಆಯ್ತು." ಅವರು ಸ್ವಲ್ಪ ನಕ್ಕರು. "ಸರಿಯಾದ ದಾರಿ ಯಾವುದು ಅಂತ ಎಷ್ಟು ಯೋಚಿಸಿದ್ರೂ ಬರಲಿಲ್ಲ. ನಾನೇ ತೋರಿಸಿದ ದಾರಿ. ದೊಡ್ಡೋಳೆ, ನೀನು ಗೆದ್ದೆ. ಬೆಳಗಿನ ಬಸ್ಸು ಎಷ್ಟೊತ್ತಿಗೆ?"

ಅಕ್ಕ ತನ್ನ ಶಾಲನ್ನು ತೆಗೆದು ಅಪ್ಪನ ಹೆಗಲಿಗೆ ಹೊದಿಸಿದಳು. ಆಮೇಲೆ ಚುಕ್ಕಿಯನ್ನು ಎಬ್ಬಿಸಿ ಬಂಡೆಯ ಆಚೆಗೆ ಕರೆದುಕೊಂಡು ಹೋಗಿ, ಕಿವಿಯ ಹತ್ತಿರ ಬಾಯಿ ತಂದಳು.

"ಈಗ ಏನೂ ಹೇಳ್ಬೇಡ."

"ಅಕ್ಕ..."

"ಕೇಳು. ನೀನು ಸುಳ್ಳು ಹೇಳಿದ್ದು ನನ್ನ ಹೊಟ್ಟೆಯಲ್ಲೇ ಇರುತ್ತೆ, ಯಾರಿಗೂ ಹೇಳಲ್ಲ. ಅವರೇ ಬರ್ತೀನಿ ಅಂತಿದಾರೆ, ಜಗಳ ಇಲ್ಲದೆ, ಅಳು ಇಲ್ಲದೆ. ಅಂಚಿನ ಹತ್ತಿರದವರೆಗೆ ಹೋಗಿ ಬಂದಿದಾರೆ ಕಣೇ. ನಿನಗೆ ಗುರುತಿನ ಚಿಂತೆ. ನನಗೆ ರಾತ್ರಿ ಫೋನ್ ಬಡಿದರೆ ಎದೆ ಬಾಯಿಗೆ ಬರುತ್ತೆ."

ಅದು ಸುಳ್ಳಲ್ಲ ಎಂದು ಚುಕ್ಕಿಗೆ ಗೊತ್ತಿತ್ತು. ಒಲೆ ಸುಳ್ಳಲ್ಲ, ಸಕ್ಕರೆ ಡಬ್ಬಿ ಸುಳ್ಳಲ್ಲ, ಬ್ರೆಡ್ಡಿನ ಡಬ್ಬಿಯಲ್ಲಿ ಗುಂಯ್‌ಗುಟ್ಟಿದ ಫೋನು ಸುಳ್ಳಲ್ಲ. ಗುರುತು ಇದ್ದಿದ್ದರೆ ಅಪ್ಪ ಇಷ್ಟರಲ್ಲಿ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದರೋ ಇಲ್ಲವೋ, ಅದನ್ನು ಇನ್ನು ಯಾರು ಹೇಳಬಲ್ಲರು? ಅಕ್ಕನ ಬರಿಗಾಲಿನ ಹೆಬ್ಬೆರಳು ಒಡೆದು ರಕ್ತ ಬಂದಿತ್ತು. ಅವಳಿಗದು ಗೊತ್ತೇ ಆಗಿರಲಿಲ್ಲ. ಬಂಡೆಯ ಆ ಬದಿಯಲ್ಲಿ ಅಪ್ಪ ಕೆಮ್ಮಿದರು. ಮತ್ತೆ ಕಲ್ಲನ್ನು ಸವರುವ ಸದ್ದು. ಅವರು ಇನ್ನೂ ಹುಡುಕುತ್ತಿದ್ದರು. ಇಲ್ಲದ್ದನ್ನು, ಅಂಗುಲ ಅಂಗುಲವಾಗಿ, ತಮ್ಮ ಕೈಯನ್ನು ನಂಬದೆ ಮಗಳ ಮಾತನ್ನು ನಂಬಿ.

ಚುಕ್ಕಿ ಅಕ್ಕನ ಕೈ ಬಿಡಿಸಿಕೊಂಡು ಬಂಡೆಯನ್ನು ಸುತ್ತಿ ಬಂದಳು.

"ಅಪ್ಪ, ಇಲ್ಲಿ ಗುರುತಿಲ್ಲ."

ಸವರುತ್ತಿದ್ದ ಕೈ ನಿಂತಿತು.

"ಬರೋ ಮುಖ ಹಚ್ಚಿಲ್ಲ. ಒಂದು ಕಲ್ಲಿಗೂ ಹಚ್ಚಿಲ್ಲ. ಕೆರೆದು ಬಿಟ್ಟಿದ್ದೀನಿ. ಅಕ್ಕನ ಮುಂದೆ ಚಿಕ್ಕೋಳಾಗ್ತೀನಿ ಅಂತ ಆಯ್ತು ಅಂದೆ. ನಿಮ್ಮ ಕೈಗೆ ಸಿಕ್ಕಿದ್ದೇ ನಿಜ."

ಕೆಳಗೆ ಊರಿನಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿತ್ತು. ಅಪ್ಪ ಬೈಯುತ್ತಾರೆ ಎಂದು ಚುಕ್ಕಿ ಕಾದಳು, ಬೈಯಲಿ ಎಂದೇ ಕಾದಳು. ಅವರು ತಮ್ಮ ಬಲಗೈಯನ್ನು ಮುಖದ ಹತ್ತಿರ ತಂದು, ಬೆರಳುಗಳನ್ನು ಒಂದರ ಮೇಲೊಂದು ಉಜ್ಜಿ ಆ ಬೂದುಪುಡಿಯನ್ನು ನೋಡಿದರು. ಮತ್ತೆ ಕಲ್ಲನ್ನು ಮುಟ್ಟಿದರು. ಈ ಸಲ ಮೆಲ್ಲಗೆ, ಹಳೆಯ ಕೆಲಸಗಾರನ ಹಾಗೆ, ಹೆಬ್ಬೆರಳಿನಿಂದ ಒಮ್ಮೆ.

"ಚೆನ್ನಾಗಿ ಕೆರೆದಿದ್ದೀಯ," ಎಂದರು. ಆಮೇಲೆ, "ಡಬ್ಬ ಎಲ್ಲಿ?"

ಚುಕ್ಕಿ ಬಂಡೆಯ ಸಂದಿಯಿಂದ ಡಬ್ಬವನ್ನೂ ಬಟ್ಟೆಯಲ್ಲಿ ಸುತ್ತಿಟ್ಟ ಬ್ರಷ್ಷನ್ನೂ ತಂದಳು. ಮುಚ್ಚಳ ಅಂಟಿಕೊಂಡಿತ್ತು, ಕಲ್ಲಿನ ಚೂರಿನಿಂದ ಮೀಟಿ ತೆಗೆಯಬೇಕಾಯಿತು. ಅಪ್ಪ ಗೋಡೆ ಹಿಡಿಯುವಂತೆ ಬಂಡೆಯನ್ನು ಹಿಡಿದು ಎದ್ದು ನಿಂತರು. ಶಾಲು ಹೆಗಲಿನಿಂದ ಜಾರಿತು. ಅಕ್ಕ ಅದನ್ನು ಎತ್ತಿಕೊಂಡು ತಾನೇ ಹೊದ್ದುಕೊಂಡಳು. ಬಸ್ಸಿನ ಮಾತು ಅವಳೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಅದು ಮೂವರ ನಡುವೆ ಇನ್ನೊಬ್ಬರು ನಿಂತಂತೆ ನಿಂತಿತ್ತು.

ಅಪ್ಪ ಬ್ರಷ್ಷನ್ನು ಡಬ್ಬದಲ್ಲಿ ಅದ್ದಿದರು. ಒಂದು ಎಳೆತ, ಪಕ್ಕದಲ್ಲಿ ಇನ್ನೊಂದು ಎಳೆತ. ಹೆಚ್ಚಾದ ಬಣ್ಣ ಹನಿಯಾಗಿ ಅವರ ಬೂಟಿನ ತುದಿಗೆ ಬಿತ್ತು.

"ದೊಡ್ಡೋಳೆ," ಎಂದರು, ಕಲ್ಲಿನಿಂದ ಕಣ್ಣು ತೆಗೆಯದೆ. "ಕೆಳಗೆ ಹೋಗಿ ನಿಂತು ನೋಡು. ಆ ಗಿಡದ ಹತ್ತಿರ. ಅಲ್ಲಿಂದ ಹೊಸಬರಿಗೆ ಕಾಣಬೇಕು."

ಅಕ್ಕ ಒಂದು ಕ್ಷಣ ಅಲ್ಲೇ ನಿಂತಳು. ಚಪ್ಪಲಿಯನ್ನು ಬಂಡೆಯ ಮೇಲಿಟ್ಟಳು, ಬೆಳಕು ಕಲ್ಲಿನ ಮೇಲೆ ಬೀಳುವಂತೆ ಫೋನನ್ನು ಚುಕ್ಕಿಯ ಕೈಗಿತ್ತಳು, ಕುಂಟುತ್ತ ಇಳಿದಳು. ಗಿಡದ ಹತ್ತಿರ ಅವಳು ನಿಲ್ಲಲಿಲ್ಲ. ಅದನ್ನು ದಾಟಿ ಇನ್ನೂ ಕೆಳಗೆ, ದಾರಿ ಮರೆಯಾಗುವ ಕಡೆಯವರೆಗೂ ಹೋದಳು. ಬಿಳಿ ಶಾಲೊಂದೇ ಕಾಣುತ್ತಿತ್ತು. ಅದು ಅಲ್ಲಿ ತಿರುಗಿ ನಿಂತಿತು.

ಅಪ್ಪ ಹಸಿ ಬ್ರಷ್ಷು ಹಿಡಿದು ಕಾದರು. ಚುಕ್ಕಿ ಅವರ ಪಕ್ಕಕ್ಕೆ ಸರಿದು ಕಲ್ಲಿಗೆ ಅಡ್ಡವಾಗದಂತೆ ನಿಂತಳು. ಆಮೇಲೆ ಆ ಬಿಳಿ ಶಾಲು ಮೆಲ್ಲಗೆ ಅಲುಗಿತು. ಅಕ್ಕ ಹತ್ತಿ ಬರುತ್ತಿದ್ದಳು. ಎಡದ ಗಾಡಿಹಾದಿಯ ಕಡೆಗೂ ನೋಡದೆ, ಅವರಿಬ್ಬರನ್ನೂ ನೋಡದೆ, ಆ ದಾರಿಗೆ ಮೊದಲ ಸಲ ಬಂದವಳ ಹಾಗೆ, ಕಲ್ಲೊಂದನ್ನೇ ನೋಡುತ್ತ.